ನಲವತ್ತೊಂಬತ್ತನೆಯ ದಿನ

ಕಕ್ಕಿಂಜೆಯ ನೀಲಾವತಿಗೆ ಸಿಟ್ಟು ಜಾಸ್ತಿ ಎಂದು ಊರಿನಲ್ಲಿ ಒಂದು ಮಾತಿದೆ. ಆ ಮಾತನ್ನು ಆಡುವವರು ಬೆಳಿಗ್ಗೆ ಏಳು ಗಂಟೆಗೆ ಎದ್ದು, ಹೊಟೇಲಿನ ಬೆಂಚಿನಲ್ಲಿ ಕೂತು, ಬನ್ಸ್ ಮುರಿಯುತ್ತಾ ಆಡುತ್ತಾರೆ. ಅಷ್ಟು ಹೊತ್ತಿಗೆ ನೀಲಾವತಿ ಇನ್ನೂರೈವತ್ತು ರಬ್ಬರ್ ಮರಗಳಿಗೆ ಕತ್ತಿ ಹಾಕಿ ಮುಗಿಸಿರುತ್ತಾಳೆ. ಅವಳಿಗೆ ಸಿಟ್ಟು ಬರದೆ ಬೆಂಚಿನ ಮೇಲೆ ಕೂತವರಿಗೆ ಬರಬೇಕಿತ್ತೇ?

ನಲವತ್ತೆರಡು ವರ್ಷದ ಹೆಂಗಸು. ಇಪ್ಪತ್ತು ವರ್ಷಗಳಿಂದ ದಿನಾ ನಾಲ್ಕೂವರೆಗೆ ಏಳುತ್ತಾಳೆ. ಇದು ಹುಟ್ಟಿನಿಂದ ಬಂದ ಗುಣವಲ್ಲ. ಶಿರ್ತಾಡಿಯ ತವರುಮನೆಯಲ್ಲಿ ಬಿಸಿಲು ಮುಖಕ್ಕೆ ಬಿದ್ದು, ತಾಯಿ ಮೂರು ಸಲ ಬೈದ ಮೇಲೆ ಮಗ್ಗುಲು ಬದಲಿಸುತ್ತಿದ್ದವಳು ಅವಳು. ಮದುವೆಯಾಗಿ ಬಂದು, ಗಂಡನ ದುಡಿಮೆ ಗಂಡನ ಗಂಟಲಲ್ಲೇ ಇಳಿದುಹೋಗುತ್ತದೆ ಎಂದು ತಿಳಿದ ಮೇಲೆ ಡೊಂಬಯ್ಯ ಗೌಡರ ರಬ್ಬರ್ ತೋಟದಲ್ಲಿ ಮರ ಸೀಳಿ ಹಾಲು ಇಳಿಸುವ ಟ್ಯಾಪಿಂಗ್ ಕಲಿತಳು. ಮೊದಲ ತಿಂಗಳು ಅಲಾರಂ ಕೂಗಿದರೆ ಕೈಚಾಚಿ ಅದರ ಬಾಯಿ ಮುಚ್ಚಿಸಿ ಮಲಗುತ್ತಿದ್ದಳು. ಆಮೇಲೆ ಅದನ್ನು ಅಡಿಗೆಮನೆಯಲ್ಲಿ, ಖಾಲಿ ಸ್ಟೀಲ್ ಪಾತ್ರೆಯೊಳಗೆ ಇಡತೊಡಗಿದಳು. ಆ ಗದ್ದಲ ನಿಲ್ಲಿಸಲು ಎದ್ದು ಹೋದರೆ ಒಲೆಯ ಎದುರು ನಿಂತಿರುತ್ತಿದ್ದಳು, ಒಲೆಯ ಎದುರು ನಿಂತ ಮೇಲೆ ಬೆಂಕಿ ಹಚ್ಚದೆ ವಾಪಸು ಹೋಗುವ ಹೆಂಗಸು ಎಲ್ಲಿದ್ದಾಳೆ? ಕತ್ತಿಯನ್ನು ಸಂಜೆಯೇ ಮಸೆದಿಡುವುದು, ತಲೆಗೆ ಕಟ್ಟುವ ಲೈಟನ್ನು ಚಾರ್ಜಿಗೆ ಹಾಕುವುದು, ಹಳೇ ಶರ್ಟನ್ನು ಬಾಗಿಲ ಮೊಳೆಗೆ ನೇತು ಹಾಕುವುದು, ಹೀಗೆ ಒಂದೊಂದೇ ಕೂಡಿಸಿ ಕೂಡಿಸಿ ಆ ನಾಲ್ಕೂವರೆಯನ್ನು ಕಟ್ಟಿದಳು. ಯಾರೂ ಬಂದು ಭೇಷ್ ಎನ್ನಲಿಲ್ಲ.

ರಬ್ಬರ್ ಮರ ಸೂಕ್ಷ್ಮ. ತೊಗಟೆಯನ್ನಷ್ಟೇ ತೆಳ್ಳಗೆ ಸೀಳಬೇಕು, ಒಳಗಿನ ಮರಕ್ಕೆ ಕತ್ತಿ ತಾಗಬಾರದು. ತಾಗಿದರೆ ಆ ಗಾಯ ಗಂಟುಕಟ್ಟಿ, ಮುಂದೆ ಆ ಜಾಗದಲ್ಲಿ ಹಾಲೇ ಇಳಿಯುವುದಿಲ್ಲ. ಶುರುವಿನಲ್ಲಿ ಒಂದು ಬೆಳಿಗ್ಗೆ ಅವಳು ಸಾಲಾಗಿ ಹನ್ನೊಂದು ಮರಗಳಿಗೆ ಹಾಗೆ ಗಾಯ ಮಾಡಿದ್ದಳು. ಹಿಂದಿನ ಸಂಜೆ ಗಂಡ ಕುಡಿದು ಬಂದು ಮೊಸರಿನ ಪಾತ್ರೆಗೆ ಕಾಲು ಹಾಕಿದ್ದ. ಡೊಂಬಯ್ಯ ಗೌಡರು ಗಾಯಗಳನ್ನು ಒಂದೊಂದಾಗಿ ಸವರಿ ನೋಡಿ, "ಸಿಟ್ಟಿನಲ್ಲಿ ಕತ್ತಿ ಹಿಡಿಯಬೇಡ ಮಗಾ. ಮರಕ್ಕೆ ನಿನ್ನ ಗಂಡನ ಹೆಸರು ಗೊತ್ತಿಲ್ಲ" ಎಂದರು. ಅಂದಿನಿಂದ ಸಿಟ್ಟು ಬಂದ ದಿನ ಮೊದಲ ಮರದ ಬುಡದಲ್ಲಿ ನಿಂತು ಒಂದು ಚೆಂಬು ನೀರು ಕುಡಿದು, ಕೈ ನಡುಗುವುದು ನಿಂತ ಮೇಲೆಯೇ ಕತ್ತಿ ಎತ್ತುವುದನ್ನು ಅಭ್ಯಾಸ ಮಾಡಿಕೊಂಡಳು. ಆಮೇಲೆ ಮರಗಳಿಗೆ ಗಾಯವಾಗಲಿಲ್ಲ. ಸಿಟ್ಟು ಮಾತ್ರ ಅವಳ ಹೊಟ್ಟೆಯಲ್ಲೇ ಉಳಿಯಿತು.

ಇನ್ನು ಆ ಗಂಡನ ಕತೆ. ಅಶೋಕನನ್ನು ನೋಡಲು ನೀಲಾವತಿಯ ಅಪ್ಪ ರುಕ್ಮಯ್ಯ ಶಿರ್ತಾಡಿಯಿಂದ ಬಂದದ್ದು ಡಿಸೆಂಬರಿನಲ್ಲಿ. ಹುಡುಗ ಅಯ್ಯಪ್ಪ ಮಾಲೆ ಹಾಕಿದ್ದ. ಕಪ್ಪು ಪಂಚೆ, ಹಣೆಯಲ್ಲಿ ಗಂಧ, ಬರಿಗಾಲು. ಬೆಳಕು ಹರಿಯುವ ಮೊದಲೇ ತಣ್ಣೀರಿನಲ್ಲಿ ಮೀಯುತ್ತಾನೆ, ಚಾಪೆಯಲ್ಲಿ ಮಲಗುತ್ತಾನೆ, ಮೀನು ಮಾಂಸ ಮುಟ್ಟುವುದಿಲ್ಲ, ಯಾರಿಗೂ ಏರಿದ ದನಿಯಲ್ಲಿ ಮಾತಾಡುವುದಿಲ್ಲ. ಊರಿಗೆ ಊರೇ ಅವನನ್ನು ಸ್ವಾಮಿ ಎಂದು ಕರೆಯುತ್ತಿತ್ತು. ರುಕ್ಮಯ್ಯ ಮನೆಗೆ ಮರಳಿ ಜಗಲಿಯಲ್ಲಿ ಕೂತು, "ಹುಡುಗ ಅಂದ್ರೆ ಹಾಗಿರಬೇಕು. ಎಂತ ಶಿಸ್ತು ಮಾರಾಯ್ತಿ!" ಎಂದು ಹೆಂಡತಿಗೆ ಹೇಳಿದರು. ಅಡಿಕೆ ಕೊಳ್ಳುವಾಗ ಗೋಣಿಯ ಅಡಿಗೆ ಕೈಹಾಕಿ ನೋಡುವ ಮನುಷ್ಯ, ಅಳಿಯನನ್ನು ಆರಿಸುವಾಗ ಮೇಲಿನ ಒಂದು ಹಿಡಿ ನೋಡಿ ಒಪ್ಪಿಬಿಟ್ಟರು. ಮಾಲೆ ಜನವರಿಯಲ್ಲಿ ತೆಗೆದಾಗಿತ್ತು. ಮದುವೆ ಏಪ್ರಿಲಿನಲ್ಲಿ ಆಯಿತು. ಮದುವೆಯ ಮರುದಿನ ಅಶೋಕ ಸ್ವಾಮಿಗಳು ಅಂಗಳದ ತೆಂಗಿನಮರಕ್ಕೆ ಒರಗಿ ವಾಂತಿ ಮಾಡಿದರು.

ಕೆಟ್ಟವನಲ್ಲ ಅಶೋಕ, ಹೊಡೆಯುವವನೂ ಅಲ್ಲ. ಪಿಕಪ್ ಓಡಿಸುವುದರಲ್ಲಿ ಗಟ್ಟಿಗ. ಆದರೆ ಕುಡಿಯುತ್ತಿದ್ದ. ಜನವರಿಯ ನಡುವಿನಿಂದ ನವೆಂಬರಿನ ಕೊನೆಯವರೆಗೆ ಕುಡಿಯುತ್ತಿದ್ದ. ನವೆಂಬರಿನ ಕೊನೆಯಲ್ಲಿ ಮಾಲೆ ಹಾಕಿದನೆಂದರೆ ನಲವತ್ತೆಂಟು ದಿನ ಒಂದು ತೊಟ್ಟು ಮುಟ್ಟುತ್ತಿರಲಿಲ್ಲ. ಕೈ ನಡುಗುತ್ತಿರಲಿಲ್ಲ, ತಲೆ ಸುತ್ತುತ್ತಿರಲಿಲ್ಲ, ಬೇಕು ಎಂದು ಪರದಾಡುತ್ತಿರಲಿಲ್ಲ. ನೀಲಾವತಿಯ ಹೊಟ್ಟೆ ಉರಿಸುತ್ತಿದ್ದದ್ದು ಇದೇ. ಬಿಡಲಾಗದವನಾದರೆ ಪಾಪ ಎನ್ನಬಹುದಿತ್ತು, ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದಿತ್ತು. ಇವನಿಗೆ ಬಿಡಲು ಆಗುತ್ತಿತ್ತು. ವರ್ಷಕ್ಕೊಮ್ಮೆ ಬಿಟ್ಟು ತೋರಿಸುತ್ತಿದ್ದ, ಆಮೇಲೆ ಹಿಡಿದುಕೊಳ್ಳುತ್ತಿದ್ದ.

ಆ ನಲವತ್ತೆಂಟು ದಿನ ವ್ರತ ಮಾಡುವುದಾದರೂ ಯಾರು? ಸ್ವಾಮಿ ಮಿಂದು ಬರುವ ಮೊದಲು ಮಿಂದು ಅಡಿಗೆ ಮಾಡಬೇಕು, ಅಂದರೆ ನೀಲಾವತಿಯ ನಾಲ್ಕೂವರೆ ಮೂರೂವರೆಯಾಗುತ್ತಿತ್ತು. ಕಪ್ಪು ಬಟ್ಟೆಯನ್ನು ಬೇರೆಯೇ ಒಗೆಯಬೇಕು. ಭಜನೆಗೆ ಬಂದ ಮೂವತ್ತು ಸ್ವಾಮಿಗಳಿಗೆ ಅವಲಕ್ಕಿ ಕಲಸಬೇಕು. ಮನೆಗೆ ಮೀನು ತರುವಂತಿಲ್ಲ. ಮೀನಿಲ್ಲದೆ ನಲವತ್ತೆಂಟು ದಿನ ಗಂಜಿ ಉಣ್ಣುವುದೆಂದರೇನು ಎಂದು ಈ ಕಡೆಯವರಿಗೇ ಗೊತ್ತು. ಇಷ್ಟೆಲ್ಲ ಮಾಡಿ ಅವಳು ತೋಟಕ್ಕೆ ಓಡುವಾಗ ದಾರಿಯಲ್ಲಿ ಸಿಕ್ಕವರು, "ಪುಣ್ಯ ಮಾಡಿದ್ದಿ ನೀಲಾವತಿ, ಸ್ವಾಮಿಯ ಸೇವೆ" ಎನ್ನುತ್ತಿದ್ದರು. ದೇವರ ಮೇಲೆ ಅವಳಿಗೆ ಯಾವ ಸಿಟ್ಟೂ ಇರಲಿಲ್ಲ. ಅವಳಿಗೆ ಸಿಟ್ಟಿದ್ದದ್ದು, ದೇವರಿಗೆ ನಲವತ್ತೆಂಟು ದಿನ ಕೊಟ್ಟು ಹೆಂಡತಿಗೆ ಒಂದನ್ನೂ ಕೊಡದ ಗಂಡನ ಮೇಲೆ.

ಪಕ್ಕದ ಮನೆಯ ಸಬೀಹಾಳ ಹತ್ತಿರ ಮಾತ್ರ ಅರ್ಧಂಬರ್ಧ ಹೇಳಿಕೊಂಡದ್ದುಂಟು. ಸಬೀಹಾ ನಕ್ಕು, "ನಮ್ಮಲ್ಲಿಯೂ ಅದೇ ಕತೆ. ನೋಂಬಿನ ತಿಂಗಳು ಉಪವಾಸ ಹಿಡಿದು ಬೆಳಿಗ್ಗೆಯಿಂದ ಸಂಜೆವರೆಗೆ ಸಿಗರೇಟಿನ ಹೆಸರು ತೆಗೆಯುವುದಿಲ್ಲ ಇವರು. ಮಸೀದಿಯಲ್ಲಿ ಬಾಂಗ್ ಆದ ಕೂಡಲೇ ಖರ್ಜೂರದ ಬೀಜ ಉಗಿಯುವ ಮೊದಲೇ ಕಡ್ಡಿ ಗೀರಿ ಆಯ್ತು" ಎಂದಿದ್ದಳು. ಇಬ್ಬರೂ ಬೇಲಿಯ ಎರಡು ಬದಿಯಲ್ಲಿ ನಿಂತು ಬಹಳ ಹೊತ್ತು ನಕ್ಕಿದ್ದರು. ನಗುವಾಗಲೂ ನೀಲಾವತಿ ಕುಡಿತ ಎಂಬ ಶಬ್ದವನ್ನು ಬಾಯಿಗೆ ತಂದಿರಲಿಲ್ಲ.

ಏಕೆಂದರೆ ಅವಳಲ್ಲಿ ಇನ್ನೊಂದು ಶಿಸ್ತು ಇತ್ತು. ಬಾಯಿಯ ಶಿಸ್ತು. ಮನೆಯ ವಿಷಯ ಹೊಸ್ತಿಲು ದಾಟಬಾರದು. ಅಶೋಕ ಎಲ್ಲಿ ಎಂದು ಯಾರಾದರೂ ಕೇಳಿದರೆ ಜ್ವರ ಎನ್ನುತ್ತಿದ್ದಳು. ಇಪ್ಪತ್ತು ವರ್ಷಗಳಲ್ಲಿ ಅಶೋಕನಿಗೆ ಬಂದಷ್ಟು ಜ್ವರ ಬೆಳ್ತಂಗಡಿ ತಾಲೂಕಿನಲ್ಲಿ ಇನ್ನೊಬ್ಬರಿಗೆ ಬಂದಿರಲಿಕ್ಕಿಲ್ಲ. ಬೆಳಿಗ್ಗೆ ಏಳುವುದನ್ನು ರೂಢಿ ಮಾಡಿದಷ್ಟೇ ಹಟದಿಂದ ಅವಳು ಸುಮ್ಮನಿರುವುದನ್ನೂ ರೂಢಿ ಮಾಡಿಕೊಂಡಿದ್ದಳು, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಕಳೆದ ಡಿಸೆಂಬರಿನಲ್ಲಿ ಒಂದು ಶಾಲೆಯ ಮ್ಯಾನೇಜರ್ ಇವರ ಮನೆಯ ಭಜನೆಗೆ ಬಂದರು. ಅವರ ಶಾಲೆಯ ವ್ಯಾನಿನ ಡ್ರೈವರ್ ಕೆಲಸ ಬಿಟ್ಟಿದ್ದ. ಕಪ್ಪು ಪಂಚೆಯಲ್ಲಿ, ಕಣ್ಣು ಮುಚ್ಚಿ, ತಾಳ ಹಾಕುತ್ತಿದ್ದ ಅಶೋಕನನ್ನು ನೋಡಿದರು. "ಸ್ವಾಮಿ, ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿ ಬರ್ತೀರಾ?" ಎಂದು ಕೈಮುಗಿದೇ ಕೇಳಿದರು. ಹತ್ತೊಂಬತ್ತು ಮಕ್ಕಳು. ಚಾರ್ಮಾಡಿ ಕಡೆಯಿಂದ ಇಳಿದು ಬರುವ ಲಾರಿಗಳ ರಸ್ತೆ, ಹೊಳೆ ಬದಿಯ ತಿರುವುಗಳು. ಭಜನೆಯಲ್ಲಿ ಕೂತಿದ್ದ ಅಷ್ಟೂ ಜನಕ್ಕೆ ಅಶೋಕ ಉಳಿದ ಹತ್ತು ತಿಂಗಳು ಏನೆಂದು ಗೊತ್ತಿತ್ತು. ಒಬ್ಬನೂ ತುಟಿ ಬಿಚ್ಚಲಿಲ್ಲ. ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ನೀಲಾವತಿಯೂ ಬಿಚ್ಚಲಿಲ್ಲ.

ಅಶೋಕ ಒಪ್ಪಿದ. ಆ ರಾತ್ರಿ ಅವಳು ಗಂಡನನ್ನು ಕೇಳಿದಳು, "ಮಾಲೆ ತೆಗೆದ ಮೇಲೆ ಎಂತ ಮಾಡ್ತೀರಿ? ಮಕ್ಕಳ ಗಾಡಿ ಅದು."

"ಸ್ವಾಮಿಯೇ ಶರಣಂ. ಈ ಸಲ ಪೂರಾ ಬಿಟ್ಟೆ ಅಂತ ತಿಳ್ಕೊ" ಎಂದ ಅಶೋಕ, ತುಂಬ ಶಾಂತವಾಗಿ. ಮಾಲೆ ಇದ್ದಾಗ ಅವನ ದನಿಯೇ ಹಾಗೆ.

ಅವಳಿಗೆ ಸಮಾಧಾನವಾಗಲಿಲ್ಲ. ಮರುದಿನ ಬಸ್‌ಸ್ಟಾಪಿನಲ್ಲಿ ಅಂಗಡಿ ಇಟ್ಟಿರುವ ಹುಕ್ರಪ್ಪ ಗುರುಸ್ವಾಮಿಯ ಹತ್ತಿರ ಹೋದಳು. ಇಪ್ಪತ್ತೇಳು ಸಲ ಮಲೆ ಹತ್ತಿದವರು, ಊರಿನ ಸ್ವಾಮಿಗಳಿಗೆಲ್ಲ ಮಾಲೆ ಹಾಕಿಸುವವರು, ತೆಗೆಸುವವರು. ಅವಳ ಮಾತು ಕೇಳಿ ಅವರು ಬೆಲ್ಲದ ಡಬ್ಬಿಯ ಮುಚ್ಚಳ ಮುಚ್ಚುತ್ತಾ, "ನೋಡು, ಮಾಲೆ ಇರುವಷ್ಟು ದಿನ ಅವನು ನನ್ನ ಜವಾಬ್ದಾರಿ. ತೆಗೆದ ಮೇಲೆ ಅವನುಂಟು ನೀನುಂಟು" ಎಂದರು. ಕೈ ತೊಳೆದುಕೊಳ್ಳಲು ನೀರೇ ಬೇಕೆಂದಿಲ್ಲ, ಕೆಲವರಿಗೆ ಒಂದು ಮಾತು ಸಾಕು.

ಜನವರಿಯಲ್ಲಿ ಅಶೋಕ ಶಬರಿಮಲೆಗೆ ಹೋಗಿ ಬಂದ. ಶನಿವಾರ ಬೆಳಿಗ್ಗೆ ಮಾಲೆ ತೆಗೆದರು. ಮಧ್ಯಾಹ್ನ ಬಂಗುಡೆ ಸಾರು. ಸಂಜೆ ಗೆಳೆಯರು ಬಂದರು. "ಇವತ್ತು ಒಂದು ದಿನ ಅಷ್ಟೆ, ನಲವತ್ತೆಂಟು ದಿನ ಇದ್ದೆನಲ್ಲ" ಎಂದ ಅಶೋಕ. ಭಾನುವಾರವೂ ಅದನ್ನೇ ಹೇಳಿದ. ನಾಯಿಬಾಲವನ್ನು ನಳಿಗೆಯಲ್ಲಿಟ್ಟರೆ ಇಟ್ಟಷ್ಟು ಹೊತ್ತು ನೆಟ್ಟಗಿರುತ್ತದೆ. ಇದು ಗಾದೆ ಕಟ್ಟಿದವರಿಗೂ ಗೊತ್ತಿತ್ತು, ನೀಲಾವತಿಗೂ ಗೊತ್ತಿತ್ತು.

ಸೋಮವಾರ ಅವಳು ಮರಗಳಿಗೆ ಕತ್ತಿ ಹಾಕಿ, ಹಾಲು ಇಳಿಯುವಷ್ಟು ಹೊತ್ತಿಗೆಂದು ಏಳೂಕಾಲಕ್ಕೆ ಮನೆಗೆ ಬಂದಾಗ ಅಶೋಕ ಅಂಗಳದಲ್ಲಿ ವ್ಯಾನಿನ ಗಾಜು ಒರೆಸುತ್ತಿದ್ದ. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ಹತ್ತಿರ ಹೋದಾಗ ವಾಸನೆ ಬಡಿಯಿತು. ನಿನ್ನೆಯದ್ದಲ್ಲ, ಈಗಿನದ್ದು.

"ಬೆಳಿಗ್ಗೆಯೇ ಹಾಕಿದಿರಾ?"

"ತಲೆನೋವಿಗೆ ಸ್ವಲ್ಪ. ಎಂತಾಗುವುದಿಲ್ಲ ಮಾರಾಯ್ತಿ. ಈ ರೋಡಿನಲ್ಲಿ ನಾನು ಕಣ್ಣು ಮುಚ್ಚಿ ಓಡಿಸ್ತೇನೆ."

"ಕೀ ಕೊಡಿ."

"ನಿನಗೆ ಡ್ರೈವಿಂಗ್ ಬರ್ತದಾ?" ಎಂದು ನಕ್ಕು ಅವನು ವ್ಯಾನು ಹತ್ತಿದ. ಅವಳು ಬಾಗಿಲು ಹಿಡಿದು ಎಳೆದಳು. ಒಳಗಿನಿಂದ ಲಾಕ್ ಮಾಡಿಕೊಂಡ. ಗಾಡಿ ಸ್ಟಾರ್ಟ್ ಆಯಿತು.

ಮೊದಲ ಮಕ್ಕಳು ಹತ್ತುವುದು ಹುಕ್ರಪ್ಪನ ಅಂಗಡಿಯ ಎದುರು. ವ್ಯಾನು ರಸ್ತೆಯಿಂದ ಸುತ್ತಿ ಬರಬೇಕು, ಗುಡ್ಡದ ಕಾಲುದಾರಿಯಲ್ಲಿ ಓಡಿದರೆ ಅದಕ್ಕಿಂತ ಮೊದಲು ಮುಟ್ಟಬಹುದು. ನೀಲಾವತಿ ಓಡಿದಳು. ರಬ್ಬರ್ ಹಾಲು ಒಣಗಿ ಗಟ್ಟಿಯಾದ ಶರ್ಟಿನಲ್ಲಿ, ತಲೆಯ ಲೈಟು ಬಿಚ್ಚದೆ, ಇಪ್ಪತ್ತು ವರ್ಷದ ಸಿಟ್ಟನ್ನು ಕಾಲಿಗೆ ಕಟ್ಟಿಕೊಂಡು ಓಡಿದಳು. ಅವಳು ರಸ್ತೆಗೆ ಇಳಿಯುವಾಗ ವ್ಯಾನು ತಿರುವಿನಲ್ಲಿ ಕಾಣಿಸಿತು. ಅಂಗಡಿಯ ಮುಂದೆ ಏಳು ಮಕ್ಕಳು, ನಾಲ್ಕೈದು ತಾಯಂದಿರು, ಸಬೀಹಾ ಮತ್ತು ಅವಳ ಮಗ ಉನೈಸ್. ನೀಲಾವತಿ ರಸ್ತೆಯ ನಡುವೆ ನಿಂತಳು. ವ್ಯಾನು ಅವಳಿಗೆ ಎರಡು ಮಾರು ದೂರದಲ್ಲಿ ಕಿರ್ರೆಂದು ನಿಂತಿತು.

"ಮಕ್ಕಳನ್ನು ಹತ್ತಿಸಬೇಡಿ" ಎಂದಳು.

"ಎಂತಾಯ್ತು?" ಎಂದಳು ಸಬೀಹಾ.

ನೀಲಾವತಿಯ ಬಾಯಿಗೆ ಬಂದದ್ದು ಜ್ವರ ಎಂಬ ಶಬ್ದ. ಇಪ್ಪತ್ತು ವರ್ಷದ ಅಭ್ಯಾಸ, ನಾಲಿಗೆ ತಾನಾಗಿಯೇ ಅತ್ತ ಹೊರಳಿತು. ಜ್ವರ ಎಂದರೆ ಸಾಕಿತ್ತು, ಮಕ್ಕಳು ಅಂದು ಬಸ್ಸಿನಲ್ಲಿ ಹೋಗುತ್ತಿದ್ದರು, ಮನೆಯ ಮಾನ ಉಳಿಯುತ್ತಿತ್ತು. ನಾಳೆ ಅದೇ ವ್ಯಾನಿಗೆ ಹತ್ತುತ್ತಿದ್ದರು. ಉನೈಸ್ ಚೀಲದ ಪಟ್ಟಿ ಕಚ್ಚುತ್ತಾ ಅವಳ ಮುಖ ನೋಡುತ್ತಿದ್ದ. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಶಿಸ್ತು ಎಂದುಕೊಂಡು ಸಾಕಿದ್ದು ಇದನ್ನೇ? ತಾನು ಬಾಯಿ ಮುಚ್ಚಿಕೊಂಡು ಇದ್ದುದರಿಂದಲೇ ಇವನು ಇವತ್ತು ಇಲ್ಲಿವರೆಗೆ ಬಂದು ನಿಂತಿದ್ದಾನೆ.

"ಇವರು ಕುಡಿದಿದ್ದಾರೆ" ಎಂದಳು. ಯಾರಿಗೂ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. "ನನ್ನ ಗಂಡ ಕುಡಿದಿದ್ದಾರೆ. ಈಗ, ಬೆಳಿಗ್ಗೆ. ಮಾಲೆ ಇಲ್ಲದ ದಿನ ಪೂರಾ ಕುಡಿಯುತ್ತಾರೆ. ಇವರಿಗೆ ಯಾವತ್ತೂ ಜ್ವರ ಬಂದದ್ದಲ್ಲ."

ಸಬೀಹಾ ಮಗನ ಕೈ ಹಿಡಿದೆಳೆದು ಹಿಂದೆ ಸರಿಸಿ, ವ್ಯಾನಿನ ಕಿಟಕಿಗೆ ಮುಖವಿಟ್ಟು ಮೂಸಿದಳು. "ಯಾ ಅಲ್ಲಾ!" ಎಂದು ಹಿಂದಕ್ಕೆ ಹಾರಿದಳು. ಆಮೇಲೆ ತಾಯಂದಿರ ಬಾಯಿ ಒಟ್ಟಿಗೆ ತೆರೆಯಿತು. ಅಶೋಕ ಇಳಿದು ಬಂದು, "ನಾಚಿಕೆ ಉಂಟಾ ನಿನಗೆ? ಮನೆ ಮರ್ಯಾದೆ ರಸ್ತೆಗೆ ತಂದೆಯಲ್ಲ!" ಎಂದು ಹೆಂಡತಿಯ ಮೇಲೆ ಕೂಗಿದ. ಹುಕ್ರಪ್ಪ ಅಂಗಡಿಯಿಂದ ಇಳಿದು, "ಬೇಡಿತ್ತು ನೀಲಾವತಿ. ಒಳಗಿಂದೊಳಗೆ ಹೇಳಬಹುದಿತ್ತು" ಎಂದರು.

"ಒಳಗಿಂದೊಳಗೆ ನಿಮಗೇ ಹೇಳಿದ್ದೇನಲ್ಲ. ಎಂತ ಮಾಡಿದಿರಿ? ಬೆಲ್ಲದ ಡಬ್ಬಿ ಮುಚ್ಚಿದಿರಿ" ಎಂದಳು ನೀಲಾವತಿ. ಗುರುಸ್ವಾಮಿ ಅಂಗಡಿಯ ಕಡೆ ತಿರುಗಿದರು.

ಯಾರೋ ಫೋನ್ ಮಾಡಿ, ಅರ್ಧ ಗಂಟೆಯಲ್ಲಿ ಮ್ಯಾನೇಜರ್ ಬೈಕಿನಲ್ಲಿ ಬಂದರು. ಮುಖ ಬಿಳಿಚಿಕೊಂಡಿತ್ತು. "ಹಿಂದೆ ಕುಡಿಯುತ್ತಿದ್ದರು ಅಂತ ಗೊತ್ತಿತ್ತು. ಆದರೆ ಮಾಲೆ ಹಾಕಿದ್ದರಲ್ಲ ಅಂತ..." ಎಂದರು. ಗೊತ್ತಿತ್ತಂತೆ! ಅವರಿಗೂ ಗೊತ್ತಿತ್ತಂತೆ. ಆಮೇಲೆ ಸ್ವಲ್ಪ ಯೋಚಿಸಿ, ಒಂದು ಉಪಾಯ ಹೊಳೆದವರ ಹಾಗೆ, "ಒಂದು ಕೆಲಸ ಮಾಡುವ. ಅಶೋಕ, ನೀವು ಮತ್ತೆ ಮಾಲೆ ಹಾಕಿ. ಶಾಲೆ ಮುಗಿಯುವವರೆಗೆ ಇರಲಿ" ಎಂದರು.

ಅಶೋಕನ ಮುಖ ಅರಳಿತು. "ನಾಳೆಯೇ ಹಾಕ್ತೇನೆ. ವರ್ಷಪೂರ್ತಿ ಬೇಕಾದರೂ ಹಾಕ್ತೇನೆ" ಎಂದು ಕೈ ಮುಗಿದ. ಹುಕ್ರಪ್ಪ ತಲೆಯಾಡಿಸಿದರು. ಸೇರಿದ್ದ ಗಂಡಸರಿಗೆಲ್ಲ ದೊಡ್ಡ ಭಾರ ಇಳಿದಂತಾಯಿತು.

ನೀಲಾವತಿಗೆ ಮೈಯೆಲ್ಲ ಉರಿಯಿತು. ವರ್ಷಪೂರ್ತಿ! ಅಂದರೆ ವರ್ಷಪೂರ್ತಿ ಮೂರೂವರೆ, ವರ್ಷಪೂರ್ತಿ ಬೇರೆ ಅಡಿಗೆ, ವರ್ಷಪೂರ್ತಿ ಅವನು ಸ್ವಾಮಿ, ಇವಳು ಸ್ವಾಮಿಯ ಆಳು. ಮತ್ತೆ ಯಾವತ್ತಾದರೂ ಮಾಲೆ ಹರಿದರೆ?

"ಮಾಲೆ ಬೇಡ" ಎಂದಳು. "ದೇವರನ್ನು ಇವರ ಕಾವಲಿಗೆ ಕೂರಿಸಬೇಡಿ. ನಾನು ಇಪ್ಪತ್ತು ವರ್ಷದಿಂದ ದಿನಾ ಏಳ್ತೇನೆ, ಯಾರ ಮಾಲೆ ಹಾಕಿದ್ದೇನೆ? ಜ್ವರ ಬಂದರೂ ಎದ್ದಿದ್ದೇನೆ, ನಿಜವಾದ ಜ್ವರ. ನನ್ನನ್ನು ಯಾರು ಸ್ವಾಮಿ ಅಂದಿದ್ದಾರೆ?" ಗಂಡನ ಕಡೆ ತಿರುಗಿದಳು. "ವರ್ಷ ಬೇಡ. ನಾಳೆ ಒಂದು ದಿನ. ಮಾಲೆ ಇಲ್ಲದೆ, ಬರೀ ಅಶೋಕ ಆಗಿ, ಕುಡಿಯದೆ ಇರ್ತೀರಾ? ಒಂದು ದಿನ. ಎಲ್ಲರ ಎದುರು ಹೂಂ ಹೇಳಿ."

ಅಶೋಕ ಮ್ಯಾನೇಜರರನ್ನು ನೋಡಿದ, ಹುಕ್ರಪ್ಪನನ್ನು ನೋಡಿದ. ವರ್ಷಕ್ಕೆ ಒಪ್ಪಿದ ಬಾಯಿ ಒಂದು ದಿನಕ್ಕೆ ತೆರೆಯಲಿಲ್ಲ.

ನೀಲಾವತಿ ಅವನ ಕೈಯಿಂದ ಕೀ ಕಿತ್ತು ಮ್ಯಾನೇಜರರ ಅಂಗೈಗೆ ಒತ್ತಿದಳು. "ಬೇರೆ ಡ್ರೈವರ್ ನೋಡಿ" ಎಂದು ಹೇಳಿ, ತಡವಾಗಿದ್ದ ಹಾಲು ಸಂಗ್ರಹಿಸಲು ತೋಟಕ್ಕೆ ಹೋದಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ತಡ. ಡೊಂಬಯ್ಯ ಗೌಡರು ಏನಾಯಿತೆಂದು ಕೇಳಿದರು. "ಗಂಡ ಕುಡಿದಿದ್ದರು. ಅದನ್ನು ಹೇಳಲಿಕ್ಕೆ ರಸ್ತೆಯಲ್ಲಿ ನಿಂತಿದ್ದೆ" ಎಂದಳು. ಎರಡನೆಯ ಸಲ ಹೇಳುವುದು ಮೊದಲಿನಷ್ಟು ಕಷ್ಟವಾಗಲಿಲ್ಲ.

ಅಲ್ಲಿಂದ ಅವಳು ಹೊಸತೊಂದು ರೂಢಿ ಹಿಡಿದಳು. ತೋಟದಿಂದ ಬರುವಾಗ ದಿನಾ ಏಳೂಕಾಲಕ್ಕೆ ಹುಕ್ರಪ್ಪನ ಅಂಗಡಿಯ ಮುಂದೆ ನಿಲ್ಲುವುದು, ಯಾರೂ ಕೇಳದಿದ್ದರೂ ಹೇಳುವುದು. ಮಂಗಳವಾರ, "ನಿನ್ನೆ ಕುಡಿದಿದ್ದಾರೆ" ಎಂದಳು. ಪಕ್ಕದ ಹೊಟೇಲಿನ ಬೆಂಚಿನಲ್ಲಿದ್ದವರು ಬನ್ಸ್ ಬಾಯಲ್ಲಿಟ್ಟುಕೊಂಡು ಹಾಗೆಯೇ ಕೂತರು. ಬುಧವಾರವೂ ಅದೇ ಹೇಳಿದಳು. ಆ ಸಂಜೆ ಅಶೋಕ ಬಾಗಿಲಲ್ಲಿ ನಿಂತು, "ಎಷ್ಟು ದಿನ ಹೀಗೆ ಹೇಳ್ತಿ?" ಎಂದು ಹಲ್ಲು ಕಡಿದ.

"ದಿನಾ. ಕುಡಿದರೆ ಕುಡಿದಿದ್ದಾರೆ ಅಂತ, ಕುಡಿಯದಿದ್ದರೆ ಕುಡಿಯಲಿಲ್ಲ ಅಂತ. ನನಗೆ ದಿನಾ ಮಾಡಿ ಅಭ್ಯಾಸ ಉಂಟು. ನಿಮಗೆ ಇಲ್ಲ."

ಅವನು ಪೇಟೆಗೆ ಹೋಗುವವನ ಹಾಗೆ ಗೇಟಿನವರೆಗೆ ಹೋದ. ಅಲ್ಲಿ ಬಹಳ ಹೊತ್ತು ನಿಂತ. ವಾಪಸು ಬಂದು ಉಣ್ಣದೆ ಮಲಗಿದ.

ಗುರುವಾರ ಬೆಳಿಗ್ಗೆ ನೀಲಾವತಿ ಅಂಗಡಿಗೆ ಬಂದಾಗ ಅಶೋಕ ಅವಳಿಗಿಂತ ಮೊದಲೇ ಬಂದು ಕಂಬಕ್ಕೆ ಒರಗಿ ನಿಂತಿದ್ದ. ಬಿಳಿ ಪಂಚೆ, ಬರೀ ಕೊರಳು, ಊದಿದ ಕಣ್ಣು. ಕೈ ಸಣ್ಣಗೆ ನಡುಗುತ್ತಿತ್ತು. ಮಾಲೆಯ ದಿನಗಳಲ್ಲಿ ಅದು ಎಂದೂ ನಡುಗಿದ್ದಿಲ್ಲ. ಹೊಸ ಡ್ರೈವರ್ ವ್ಯಾನು ನಿಲ್ಲಿಸಿದ್ದ, ಉನೈಸ್ ಹತ್ತುತ್ತಿದ್ದ.

"ನಿನ್ನೆ ಕುಡಿಯಲಿಲ್ಲ" ಎಂದಳು ನೀಲಾವತಿ, ಹಿಂದಿನ ದಿನಗಳದೇ ದನಿಯಲ್ಲಿ.

ಯಾರೂ ಕೈಮುಗಿಯಲಿಲ್ಲ. ಅಶೋಕನ ಮುಖದಲ್ಲಿ ಮಾತ್ರ ಒಂದು ನಗು ಮೂಡತೊಡಗಿತು, ಬಹುಮಾನಕ್ಕೆ ಕಾದವನ ನಗು.

"ಎಂತ ನಗುವುದು?" ಎಂದು ಅವಳು ಸಿಡಿದಳು. "ಒಂದು ದಿನ ಆದದ್ದು. ನಡೀರಿ, ಕೊಡಪಾನ ಎರಡು ಉಂಟು, ಹಾಲು ಹೊರಬೇಕು."

ಅವನು ನಗು ನುಂಗಿ ಅವಳ ಹಿಂದೆ ತೋಟದ ದಾರಿ ಹಿಡಿದ.